ಸಂತ ಅನ್ನಮ್ಮನವರ ಕೈಯಲ್ಲಿನ ಪುಸ್ತಕ



ಜುಲೈ 26 ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬ. ಈ ದಂಪತಿಗಳ ಹೆಸರು ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಬರುವುದಿಲ್ಲ. ಎರಡನೆಯ ಶತಮಾನದಲ್ಲಿ ಯಕೋಬರ ಹೆಸರಿನಲ್ಲಿ ಹುಟ್ಟಿಕೊಂಡ, ಧರ್ಮಸಭೆ ಪವಿತ್ರ ಗ್ರಂಥಕ್ಕೆ ಸೇರಿಸಿಕೊಳ್ಳದ ಒಂದು ಬರಹದಿಂದ ನಾವು ಅವರನ್ನು ಬಲ್ಲೆವು. ಆದರೂ ಭಕ್ತರ ಮನಸ್ಸು ಅವರನ್ನು ಬಿಟ್ಟಿಲ್ಲ. ಅನ್ನಮ್ಮನವರ ಪ್ರತಿಮೆಯನ್ನೋ ಪಟವನ್ನೋ ಒಮ್ಮೆ ಗಮನವಿಟ್ಟು ನೋಡಿ. ಅನೇಕ ಕಡೆ ಅವರ ಮಗ್ಗುಲಲ್ಲಿ ಬಾಲೆ ಮರಿಯಾ ನಿಂತಿರುತ್ತಾಳೆ, ತಾಯಿಯ ಕೈಯಲ್ಲಿ ಒಂದು ಪುಸ್ತಕ ತೆರೆದಿರುತ್ತದೆ. ಮಗಳಿಗೆ ಓದು ಕಲಿಸುವ ತಾಯಿ! ಮಧ್ಯಯುಗದ ಯುರೋಪಿನ ಕಲಾವಿದರು ರೂಢಿಗೆ ತಂದ ಚಿತ್ರವಿದು. ಚರಿತ್ರೆಯಲ್ಲಿ ಇದಕ್ಕೆ ಆಧಾರವನ್ನು ಹುಡುಕಿದರೆ ಸಿಗಲಾರದು. ಆದರೆ ದೇವಮಾತೆಗೂ ಪ್ರಾರ್ಥನೆಯನ್ನು, ಹಿರಿಯರ ಕಥೆಗಳನ್ನು, ದೇವರ ವಾಗ್ದಾನಗಳನ್ನು ಮನೆಯ ಮಾತಿನಲ್ಲಿ ಯಾರಾದರೂ ಕಲಿಸಿರಲೇಬೇಕಲ್ಲವೇ? ಆ ಪುಸ್ತಕ ಹೇಳುವುದು ಅಷ್ಟನ್ನೇ.

ಈ ಹಬ್ಬಕ್ಕಾಗಿ ನಾವು ಶಿಕ್ಷಕರ ಚರಿತ್ರೆಯೊಂದನ್ನು ಆರಿಸಿಕೊಂಡಿದ್ದೇವೆ. ಅದು ಕೆನಡಾ ದೇಶದ ಮೂಲನಿವಾಸಿಗಳ ಚರಿತ್ರೆ. ತಮ್ಮ ಮಕ್ಕಳಿಗೆ ತಾವೇ ಕಲಿಸುವ ಹಕ್ಕನ್ನು ಅವರು ಹೇಗೆ ಕಳೆದುಕೊಂಡರು, ಮತ್ತೆ ಶಿಕ್ಷಕರಾಗಿ ತರಬೇತಿ ಪಡೆಯುವ ದಾರಿಯನ್ನು ಹೇಗೆ ತೆರೆದುಕೊಂಡರು ಎಂಬ ಕಥೆ. ಇದರಲ್ಲಿ ನಮ್ಮ ಧರ್ಮಸಭೆಯ ಪಾತ್ರ ದೊಡ್ಡದು, ಮತ್ತು ಅದರ ಬಹುಭಾಗ ಹೆಮ್ಮೆ ಪಡುವಂಥದ್ದಲ್ಲ.

ಕೆನಡಾ ದೂರದ ದೇಶ ಎನ್ನುವಿರಾ? ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಿಗೆ ಅದೀಗ ದೂರವಲ್ಲ. ಮಗ ಬ್ರಾಂಪ್ಟನ್‌ನಲ್ಲಿ, ಮಗಳು ಎಡ್ಮಂಟನ್‌ನಲ್ಲಿ, ಮೊಮ್ಮಕ್ಕಳು ಅಲ್ಲಿಯ ಕಥೋಲಿಕ ಶಾಲೆಗಳಲ್ಲಿ. ಸೆಪ್ಟೆಂಬರ್ 30 ಬಂತೆಂದರೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಮೊಮ್ಮಗುವಿನ ಫೋಟೋ ಅಜ್ಜಿಯ ಫೋನಿಗೆ ಬರುತ್ತದೆ. ಅಂದು ಯಾವ ಸಂತರ ಹಬ್ಬ ಎಂದು ಅಜ್ಜಿ ಕೇಳುತ್ತಾರೆ. ಅಂದು ಬೈಬಲನ್ನು ಲತೀನ್ ಭಾಷೆಗೆ ತಂದ ಸಂತ ಜೆರೋಮರ ಹಬ್ಬ ನಿಜ, ಆದರೆ ಅಂಗಿಯ ಕಾರಣ ಬೇರೆ. 1973ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಫಿಲಿಸ್ ವೆಬ್‌ಸ್ಟಡ್ ಎಂಬ ಆರು ವರ್ಷದ ಮೂಲನಿವಾಸಿ ಹುಡುಗಿಯನ್ನು ಸಂತ ಜೋಸೆಫರ ಮಿಷನ್ನಿನ ವಸತಿ ಶಾಲೆಗೆ ಸೇರಿಸಲಾಯಿತು. ಮೊದಲ ದಿನಕ್ಕೆಂದು ಅಜ್ಜಿ ಕೊಡಿಸಿದ್ದ ಹೊಳೆಯುವ ಕಿತ್ತಳೆ ಅಂಗಿಯನ್ನು ಅಲ್ಲಿ ಕಳಚಿಸಿದರು. ಅದು ಮರಳಿ ಅವಳ ಕೈಗೆ ಬರಲಿಲ್ಲ. ಆಕೆ ದೊಡ್ಡವಳಾದ ಮೇಲೆ ಈ ಸಂಗತಿಯನ್ನು ಹೇಳಿಕೊಂಡಾಗ 2013ರಲ್ಲಿ ಕಿತ್ತಳೆ ಅಂಗಿಯ ದಿನ ಆರಂಭವಾಯಿತು. 2021ರಿಂದ ಅದೇ ದಿನ ಅಲ್ಲಿನ ರಾಷ್ಟ್ರೀಯ ಸತ್ಯ ಮತ್ತು ಸಂಧಾನ ದಿನವೂ ಹೌದು. ಆ ವಸತಿ ಶಾಲೆ ನಮ್ಮದು, ಕಥೋಲಿಕರದು.

ಮುಂದೆ ಹೋಗುವ ಮೊದಲು ಹೆಸರಿನ ಗೊಂದಲವೊಂದನ್ನು ಬಗೆಹರಿಸೋಣ. ಭಾರತಕ್ಕೆ ಹೊರಟು ಇನ್ನೆಲ್ಲೋ ಮುಟ್ಟಿದ ಕೊಲಂಬಸ್ ಅಲ್ಲಿನ ಜನರನ್ನು 'ಇಂಡಿಯನ್' ಎಂದು ಕರೆದ. ನಮ್ಮ ಹೆಸರು ಅವರಿಗೆ ಅಂಟಿಕೊಂಡಿತು. ಕೆನಡಾದ ಕಾಯ್ದೆಯ ಹೆಸರು ಇಂದಿಗೂ 'ಇಂಡಿಯನ್ ಕಾಯ್ದೆ' ಎಂದೇ ಇದೆ. ಆದರೆ ಆ ಜನ ಒಂದೇ ಕುಲದವರಲ್ಲ. ಕ್ರೀ, ಡೆನೆ, ಒಜಿಬ್ವೆ, ಮೋಹಾಕ್ ಮುಂತಾದ ಹತ್ತಾರು ಪ್ರಥಮ ರಾಷ್ಟ್ರಗಳು, ಉತ್ತರದ ಹಿಮನಾಡಿನ ಇನುಯಿಟ್ ಜನ, ಮೂಲನಿವಾಸಿ ಹಾಗೂ ಯುರೋಪಿಯನ್ ಮೂಲಗಳೆರಡನ್ನೂ ಉಳ್ಳ ಮೆಟಿ ಜನ — ಎಲ್ಲರಿಗೂ ಬೇರೆ ಬೇರೆ ಭಾಷೆ, ಬೇರೆ ಬೇರೆ ನಡೆ.

ಮೊದಲು ಕಲಿತವರು ನಮ್ಮ ಮಿಷನರಿಗಳೇ. 1639ರಲ್ಲಿ ಫ್ರಾನ್ಸಿನಿಂದ ಹಡಗು ಹತ್ತಿ ಕ್ವಿಬೆಕ್‌ಗೆ ಬಂದ ಉರ್ಸುಲೈನ್ ಧರ್ಮಭಗಿನಿ, ಮನುಷ್ಯಾವತಾರದ ಸಂತ ಮರಿಯಾ, ಆಗ ನಲವತ್ತರ ಹೊಸ್ತಿಲಲ್ಲಿದ್ದರು. ಗಂಡನನ್ನು ಕಳೆದುಕೊಂಡು, ಇದ್ದೊಬ್ಬ ಮಗನನ್ನು ಬಿಟ್ಟು ಮಠ ಸೇರಿದವರು. ಆ ವಯಸ್ಸಿನಲ್ಲಿ ಅವರು ಮೂಲನಿವಾಸಿಗಳ ಭಾಷೆಗಳನ್ನು ಕಲಿತು, ಆ ಭಾಷೆಗಳಲ್ಲಿ ಶಬ್ದಕೋಶಗಳನ್ನೂ ಧರ್ಮೋಪದೇಶದ ಪುಸ್ತಕಗಳನ್ನೂ ಬರೆದರು. ಫ್ರಾನ್ಸಿನ ಸರ್ಕಾರಕ್ಕೆ ಬೇಕಾಗಿದ್ದದ್ದು ಈ ಹುಡುಗಿಯರನ್ನು ಫ್ರೆಂಚರನ್ನಾಗಿ ಮಾಡುವುದು. ಸುಮಾರು ಮೂವತ್ತು ವರ್ಷ ಕಲಿಸಿದ ಮೇಲೆ, 1668ರ ಒಂದು ಪತ್ರದಲ್ಲಿ ಆ ಭಗಿನಿ ನೇರವಾಗಿಯೇ ಬರೆದರು: ನಮ್ಮ ಕೈಯಲ್ಲಿ ಹಾದುಹೋದ ನೂರು ಹುಡುಗಿಯರಲ್ಲಿ ಒಬ್ಬಳನ್ನೂ ಹಾಗೆ ಬದಲಿಸಿದ್ದೇವೆಂದು ಹೇಳುವುದು ಕಷ್ಟ ಎಂಬ ಅರ್ಥದಲ್ಲಿ. ಆ ಮಕ್ಕಳು ಕಾಡಿಗೆ, ತಾಯಂದಿರ ಬಳಿಗೆ ಹೊರಟುಹೋಗುತ್ತಿದ್ದರು. ಹಿಡಿದಿಟ್ಟರೆ ಕೊರಗಿ ಕಾಯಿಲೆ ಬೀಳುತ್ತಿದ್ದರು. 2014ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಅವರ ಆ ಪತ್ರವನ್ನು ಇನ್ನೂರು ವರ್ಷಗಳ ನಂತರದವರು ಓದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಮಗೆ ಅನ್ನಿಸುತ್ತದೆ.

ಏಕೆಂದರೆ ಇನ್ನೂರು ವರ್ಷಗಳ ನಂತರ ಆದದ್ದೇ ಬೇರೆ. 1876ರ ಇಂಡಿಯನ್ ಕಾಯ್ದೆಯಲ್ಲಿ ಒಂದು ವಿಧಿಯಿತ್ತು. ಮೂಲನಿವಾಸಿಯೊಬ್ಬ ವಿಶ್ವವಿದ್ಯಾಲಯದ ಪದವಿ ಪಡೆದರೆ, ವಕೀಲನಾದರೆ, ವೈದ್ಯನಾದರೆ, ಗುರುದೀಕ್ಷೆ ಪಡೆದರೂ ಸಹ, ಅವನು ಕಾನೂನಿನ ಕಣ್ಣಿನಲ್ಲಿ ಮೂಲನಿವಾಸಿಯಾಗಿ ಉಳಿಯುತ್ತಿರಲಿಲ್ಲ! ಕಲಿತವನು ತನ್ನ ಜನರಿಂದ ಹೊರಗೆ ಹೋಗಬೇಕು ಎಂಬುದು ಅದರ ತಾತ್ಪರ್ಯ. ಸ್ವಂತ ಊರಿನ ಮಕ್ಕಳಿಗೆ ಪಾಠ ಹೇಳಬಲ್ಲ ಪದವೀಧರರು ಹುಟ್ಟುವ ದಾರಿಗೆ ಅಡ್ಡಲಾಗಿ ಬೇಲಿ ಹಾಕಿದಂತಾಯಿತು. 1879ರಲ್ಲಿ ನಿಕೋಲಸ್ ಫ್ಲಡ್ ಡೇವಿನ್ ಎಂಬಾತ ಅಮೆರಿಕದ ಶಾಲೆಗಳನ್ನು ನೋಡಿಬಂದು ಸರ್ಕಾರಕ್ಕೆ ವರದಿ ಒಪ್ಪಿಸಿದ. ಮಕ್ಕಳನ್ನು ಮನೆಯ ಪ್ರಭಾವದಿಂದ ದೂರವಿಟ್ಟು ಕಲಿಸಬೇಕು, ಅದಕ್ಕೆ ಕ್ರೈಸ್ತ ಮಿಷನ್‌ಗಳ ನೆರವು ಪಡೆಯಬೇಕು ಎಂದು ಅದರಲ್ಲಿತ್ತು. 1883ರಲ್ಲಿ ಪಶ್ಚಿಮದ ಬಯಲುನಾಡಿನಲ್ಲಿ ಇಂಥ ಮೂರು ಶಾಲೆಗಳಿಗೆ ಸರ್ಕಾರ ಒಪ್ಪಿತು. ಒಂದು ಆಂಗ್ಲಿಕನ್ ಸಭೆಯವರಿಗೆ, ಎರಡು ಕಥೋಲಿಕರಿಗೆ.

ಆ ಎರಡರಲ್ಲಿ ಒಂದಾದ ಹೈ ರಿವರ್ ಶಾಲೆಯ ಮೊದಲ ಮುಖ್ಯಸ್ಥರು ಒಬ್ಲೇಟ್ ಸಭೆಯ ಫಾದರ್ ಆಲ್ಬರ್ಟ್ ಲಕೋಂಬ್. ಅವರನ್ನು ಕುರಿತು ಎರಡು ಮಾತು ಹೇಳಲೇಬೇಕು. ಕ್ರೀ ಜನರ ಗುಡಾರಗಳಲ್ಲಿ ಅವರೊಂದಿಗೆ ಬಾಳಿದವರು, ಅವರ ಭಾಷೆಗೆ 1874ರಲ್ಲಿ ದೊಡ್ಡ ಶಬ್ದಕೋಶವನ್ನೂ ವ್ಯಾಕರಣವನ್ನೂ ಅಚ್ಚು ಹಾಕಿಸಿದವರು. ಒಬ್ಬ ಗುರು ಒಂದು ಭಾಷೆಗೆ ಅದಕ್ಕಿಂತ ದೊಡ್ಡ ಗೌರವ ಸಲ್ಲಿಸಲು ಸಾಧ್ಯವಿಲ್ಲ. ಕಿಟ್ಟೆಲ್ ಅವರ ಶಬ್ದಕೋಶವನ್ನು ಕೈಯಲ್ಲಿ ಹಿಡಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ವರ್ಷಗಳ ನಂತರ ಅದೇ ಕೈ ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸುವ ಶಾಲೆಯ ಬೀಗವನ್ನು ಹಿಡಿಯಿತು. ದೊಡ್ಡ ಹುಡುಗರು ಓಡಿಹೋದರು, ಶಾಲೆ ಅಂದುಕೊಂಡಂತೆ ನಡೆಯಲಿಲ್ಲ, ಫಾದರ್ ಲಕೋಂಬ್ ಅಲ್ಲಿ ಹೆಚ್ಚು ಕಾಲ ನಿಲ್ಲಲೂ ಇಲ್ಲ. ಆದರೆ ಪದ್ಧತಿ ನಿಂತಿತು, ಬೆಳೆಯಿತು.

ನೂರಕ್ಕೂ ಹೆಚ್ಚು ವರ್ಷ ನಡೆದ ಆ ಪದ್ಧತಿಯ ಲೆಕ್ಕ ಹೀಗಿದೆ: ಅಧಿಕೃತ ಪಟ್ಟಿಗೆ ಸೇರಿದ 139 ಶಾಲೆಗಳು, ಸುಮಾರು 1,50,000 ಮಕ್ಕಳು. ಶಾಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಡೆಸಿದವರು ಕಥೋಲಿಕ ಸಭೆಗಳು. 1920ರ ತಿದ್ದುಪಡಿಯಿಂದ ಹಾಜರಾತಿ ಕಡ್ಡಾಯವಾಯಿತು. ಮನೆಮಾತು ಆಡಿದರೆ ಶಿಕ್ಷೆ. ಬಹುಕಾಲ ಅರ್ಧ ದಿನ ಪಾಠ, ಅರ್ಧ ದಿನ ಹೊಲ, ಅಡಿಗೆಮನೆ, ಬಟ್ಟೆ ಒಗೆಯುವ ಕೆಲಸ. 1907ರಲ್ಲೇ ಸರ್ಕಾರದ ವೈದ್ಯಾಧಿಕಾರಿ ಪೀಟರ್ ಬ್ರೈಸ್ ಈ ಶಾಲೆಗಳಲ್ಲಿ ಕ್ಷಯರೋಗದಿಂದ ಮಕ್ಕಳು ಸಾಯುತ್ತಿರುವುದನ್ನು ವರದಿ ಮಾಡಿದರು. ಕೇಳಿದವರು ಕಡಿಮೆ. ಈಗಿನ ಸ್ಮರಣ ಪಟ್ಟಿಯಲ್ಲಿ 4,100ಕ್ಕೂ ಹೆಚ್ಚು ಮಕ್ಕಳ ಸಾವು ದಾಖಲಾಗಿದೆ. 2021ರಲ್ಲಿ ಕಾಮ್‌ಲೂಪ್ಸ್ ಎಂಬಲ್ಲಿ ನೆಲದೊಳಗನ್ನು ಶೋಧಿಸುವ ರೇಡಾರ್‌ನಲ್ಲಿ ಕಂಡ ಗುರುತುಗಳ ಬಗ್ಗೆ ಪತ್ರಿಕೆಗಳಲ್ಲಿ ಬಹಳ ವಾದವಾಯಿತು. ಅವು ಸಂಭವನೀಯ ಸಮಾಧಿಗಳು ಎಂದು ಶೋಧಿಸಿದವರು ನಂತರ ಹೇಳಿದರು. ಆ ವಾದದ ಧೂಳಿನಲ್ಲಿ ಈ ಪಟ್ಟಿ ಮರೆತುಹೋಗಬಾರದು. ಇದು ದಾಖಲೆಗಳಿಂದ ಎತ್ತಿ ಬರೆದ ಪಟ್ಟಿ.

ನಮ್ಮ ವಿಷಯ ಶಿಕ್ಷಕರು. ಅಲ್ಲಿ ಕಲಿಸಿದವರು ಯಾರು? ಧರ್ಮಭಗಿನಿಯರು, ಸಹೋದರರು, ಗುರುಗಳು, ಕೆಲವರು ಶ್ರೀಸಾಮಾನ್ಯರು. 1892ರಿಂದ ಸರ್ಕಾರ ತಲೆಗೆ ಇಷ್ಟೆಂದು ಹಣ ಕೊಡುತ್ತಿತ್ತು, ಅದು ಸಾಲುತ್ತಿರಲಿಲ್ಲ. ಕಡಿಮೆ ಸಂಬಳಕ್ಕೆ ಸಿಕ್ಕವರೇ ಶಿಕ್ಷಕರು. 1948ರ ಒಂದು ಅಧ್ಯಯನ ಕಂಡುಕೊಂಡಂತೆ ವಸತಿ ಶಾಲೆಗಳ ಶಿಕ್ಷಕರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಗೆ ಶಿಕ್ಷಕ ತರಬೇತಿಯೇ ಆಗಿರಲಿಲ್ಲ. ಅವರಲ್ಲಿ ಮಕ್ಕಳನ್ನು ಪ್ರೀತಿಸಿದವರಿದ್ದರು, ಅವರ ಹೆಸರನ್ನು ಹಳೆಯ ವಿದ್ಯಾರ್ಥಿಗಳು ಕೃತಜ್ಞತೆಯಿಂದ ಹೇಳಿದ್ದೂ ಇದೆ. ಮಕ್ಕಳ ಮೇಲೆ ಕೈಮಾಡಿದವರು, ಅದಕ್ಕಿಂತ ಹೀನವಾದ ಪಾಪಗಳನ್ನು ಮಾಡಿದವರು ಕೂಡ ಇದ್ದರು, ಅದಕ್ಕೂ ಸಾಕ್ಷಿಗಳಿದ್ದಾರೆ.

ಇಲ್ಲಿ ಒಂದು ತೊಡಕನ್ನು ಬಿಡಿಸಿ ನೋಡಬೇಕು. 1929ರ ಡಿಸೆಂಬರ್ 31ರಂದು ಪೋಪ್ ಹನ್ನೊಂದನೆಯ ಭಕ್ತಿನಾಥರು, ಅಂದರೆ ಹನ್ನೊಂದನೆಯ ಪಿಯುಸ್, ಕ್ರೈಸ್ತ ಶಿಕ್ಷಣವನ್ನು ಕುರಿತು ವಿಶ್ವಪತ್ರ ಹೊರಡಿಸಿದರು. ಮಗುವಿನ ಶಿಕ್ಷಣದ ಹಕ್ಕು ರಾಜ್ಯಕ್ಕಿಂತ ಮೊದಲು ತಂದೆತಾಯಿಗಳಿಗೆ ಸೇರಿದ್ದು ಎಂಬುದು ಅದರ ಬೋಧನೆ. ಕಥೋಲಿಕ ಶಾಲೆಗಳ ರಕ್ಷಣೆಗಾಗಿ ಅದನ್ನು ಲೋಕದ ಎಲ್ಲೆಡೆ ಎತ್ತಿ ಹಿಡಿಯಲಾಯಿತು, ನಮ್ಮ ದೇಶದಲ್ಲಿಯೂ. ಅದಾದ ಎರಡೇ ವರ್ಷಕ್ಕೆ, 1931ರಲ್ಲಿ, ಆಲ್ಬರ್ಟಾ ಪ್ರಾಂತ್ಯದ ಸೇಂಟ್ ಪಾಲ್ ಪಟ್ಟಣದ ಬಳಿ ಬ್ಲೂ ಕ್ವಿಲ್ಸ್ ಎಂಬ ವಸತಿ ಶಾಲೆಯ ಹೊಸ ಕಟ್ಟಡ ಎದ್ದಿತು. ಒಬ್ಲೇಟ್ ಗುರುಗಳ ಆಡಳಿತ, ಗ್ರೇ ನನ್ಸ್ ಎಂದು ಕರೆಯುವ ಧರ್ಮಭಗಿನಿಯರ ಸೇವೆ, ಕ್ರೀ ಮತ್ತು ಡೆನೆ ಮಕ್ಕಳು. ಆ ಮಕ್ಕಳಿಗೂ ತಂದೆತಾಯಿಗಳಿದ್ದರು, ಅವರಲ್ಲಿ ಹೆಚ್ಚಿನವರು ಜ್ಞಾನಸ್ನಾನ ಪಡೆದ ಕಥೋಲಿಕರು. ಪೋಪರ ಪತ್ರದ 'ತಂದೆತಾಯಿಗಳು' ಎಂಬ ಮಾತಿನಲ್ಲಿ ಅವರೂ ಸೇರುತ್ತಾರೆ ಎಂದು ಯಾರಿಗೂ ಹೊಳೆಯಲಿಲ್ಲವೇ? ಹೊಳೆಯದೇ ಹೋದದ್ದು ಬೋಧನೆಯ ಕೊರತೆಯಿಂದಲ್ಲ. ಬೋಧನೆ ಕೈಯಲ್ಲೇ ಇತ್ತು. ಕ್ರೀ ತಾಯಿಯೊಬ್ಬಳು ಪೂರ್ಣ ಅರ್ಥದಲ್ಲಿ ತಾಯಿ ಎಂದು ಕಾಣುವ ಕಣ್ಣು ಇರಲಿಲ್ಲ. ನಾವು ಇದನ್ನು ಮೃದುವಾಗಿ ಹೇಳಲಾರೆವು.

ಬದಲಾವಣೆ ಮೆಲ್ಲನೆ ಶುರುವಾಯಿತು. 1960ರ ದಶಕದಲ್ಲಿ ಫಾದರ್ ಆಂಡ್ರೆ ರೆನೋ ಎಂಬ ಒಬ್ಲೇಟ್ ಗುರು ಸಸ್ಕಟೂನ್ ನಗರದಲ್ಲಿರುವ ಸಸ್ಕಾಚವಾನ್ ವಿಶ್ವವಿದ್ಯಾಲಯದಲ್ಲಿ, ಮೂಲನಿವಾಸಿಗಳ ಊರುಗಳಿಗೆ ಹೋಗುವ ಶಿಕ್ಷಕರಿಗಾಗಿ ವಿಶೇಷ ತರಬೇತಿ ನಡೆಸಿದರು. ಮಗು ಬಂದ ಮನೆಯಿಂದ, ಅದರ ಸಂಸ್ಕೃತಿಯಿಂದಲೇ ಪಾಠ ಆರಂಭವಾಗಬೇಕು ಎಂಬುದು ಅವರ ಪಟ್ಟು. 1965ರ ಅಕ್ಟೋಬರ್‌ನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಶಿಕ್ಷಣದ ಘೋಷಣೆಯಲ್ಲಿ ತಂದೆತಾಯಿಗಳೇ ಮೊದಲ ಹಾಗೂ ಮುಖ್ಯ ಶಿಕ್ಷಕರು ಎಂದು ಮತ್ತೆ ಸಾರಿತು. 1968ರಲ್ಲಿ ದೂರದ ವಾಯವ್ಯ ಪ್ರಾಂತ್ಯದ ಫೋರ್ಟ್ ಸ್ಮಿತ್‌ನಲ್ಲಿ ಮೂಲನಿವಾಸಿಗಳನ್ನೇ ಶಿಕ್ಷಕರನ್ನಾಗಿ ಸಿದ್ಧಗೊಳಿಸುವ ಕಾರ್ಯಕ್ರಮ ಆರಂಭವಾಯಿತು.

ಆದರೆ ನಿಜವಾದ ತಿರುವು ಬಂದದ್ದು ಯಾವ ಗುರುವಿನಿಂದಲೂ ಅಲ್ಲ, ಯಾವ ಮಹಾಸಭೆಯಿಂದಲೂ ಅಲ್ಲ. ಬ್ಲೂ ಕ್ವಿಲ್ಸ್‌ನ ಅದೇ ತಂದೆತಾಯಿಗಳಿಂದ.

1970ರಲ್ಲಿ ಸರ್ಕಾರ ಆ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಪಟ್ಟಣದ ಶಾಲೆಗೆ ಸೇರಿಸಲು ಹೊರಟಿತು. ಮುಚ್ಚಿದರೆ ಒಳ್ಳೆಯದೇ ಆಯಿತಲ್ಲ ಎಂದು ನಮಗೆ ಅನ್ನಿಸಬಹುದು. ಅವರಿಗೆ ಹಾಗೆ ಅನ್ನಿಸಲಿಲ್ಲ. ಈ ಶಾಲೆಯಲ್ಲಿ ನಾವು ಅತ್ತಿದ್ದೇವೆ, ಇದು ನಮ್ಮ ನೆಲ, ಇನ್ನು ಮುಂದೆ ಇದನ್ನು ನಾವೇ ನಡೆಸುತ್ತೇವೆ ಎಂಬುದು ಅವರ ನಿಲುವು. ಜುಲೈ ತಿಂಗಳಲ್ಲಿ ಕುಟುಂಬಗಳು ಬಂದು ಶಾಲೆಯ ಒಳಗೆ ಕುಳಿತುಬಿಟ್ಟವು. ದಿನಗಳು ಕಳೆದಂತೆ ಹೆಚ್ಚು ಜನ ಸೇರಿದರು. ಮುದುಕರು, ಮಕ್ಕಳು ಎಲ್ಲರೂ ಇದ್ದರು, ಅಡಿಗೆ ಅಲ್ಲೇ, ಪ್ರಾರ್ಥನೆ ಅಲ್ಲೇ. ಸ್ಟ್ಯಾನ್ಲಿ ರೆಡ್‌ಕ್ರೋ ಮುಂತಾದವರು ಮುಂದೆ ನಿಂತು ಮಾತುಕತೆ ನಡೆಸಿದರು. ಎರಡು ವಾರಕ್ಕೂ ಹೆಚ್ಚು ನಡೆದ ಈ ಧರಣಿಗೆ ಸಚಿವ ಜಾನ್ ಕ್ರೆಟಿಯೆನ್ ಕೊನೆಗೆ ಮಣಿದರು. ಕೆನಡಾದಲ್ಲಿ ಮೂಲನಿವಾಸಿಗಳ ಆಡಳಿತಕ್ಕೆ ಬಂದ ಮೊದಲ ವಸತಿ ಶಾಲೆ ಅದು. ಧರಣಿ ಕುಳಿತ ಆ ಜುಲೈ ದಿನಗಳ ನಡುವೆ ಸಂತ ಅನ್ನಮ್ಮನವರ ಹಬ್ಬವೂ ಬಂದುಹೋಯಿತು ಎಂಬುದನ್ನು ಕ್ಯಾಲೆಂಡರ್ ನೋಡಿದವರು ಗಮನಿಸುತ್ತಾರೆ.

ಎರಡು ವರ್ಷಗಳ ನಂತರ, 1972ರ ಡಿಸೆಂಬರ್‌ನಲ್ಲಿ, ರಾಷ್ಟ್ರೀಯ ಇಂಡಿಯನ್ ಸಹೋದರತ್ವ ಎಂಬ ಸಂಘಟನೆ 'ಇಂಡಿಯನ್ ಶಿಕ್ಷಣಕ್ಕೆ ಇಂಡಿಯನ್ ನಿಯಂತ್ರಣ' ಎಂಬ ದಾಖಲೆಯನ್ನು ಸರ್ಕಾರದ ಮುಂದಿಟ್ಟಿತು. ಅದರ ಎರಡು ಆಧಾರ ಸ್ತಂಭಗಳು ತಂದೆತಾಯಿಗಳ ಹೊಣೆ ಮತ್ತು ಸ್ಥಳೀಯ ಆಡಳಿತ. ಮರು ವರ್ಷ ಸರ್ಕಾರ ತಾತ್ವಿಕವಾಗಿ ಒಪ್ಪಿತು. ಆ ಮೊದಲನೆಯ ತತ್ತ್ವವನ್ನು ಪೋಪ್ ಹನ್ನೊಂದನೆಯ ಭಕ್ತಿನಾಥರ ಪತ್ರದ ಪಕ್ಕದಲ್ಲಿಟ್ಟು ನೋಡಿದರೆ ಎರಡರ ನಡುವೆ ಹೆಚ್ಚು ಅಂತರವಿಲ್ಲ.

ಆಡಳಿತ ಸಿಕ್ಕಿತು, ಆದರೆ ಶಿಕ್ಷಕರು ಎಲ್ಲಿ? ನೂರು ವರ್ಷ ಮಕ್ಕಳನ್ನು ಶಾಲೆಗೆ ಹೆದರುವಂತೆ ಮಾಡಿದ ಮೇಲೆ ಆ ಮಕ್ಕಳಲ್ಲಿ ಶಿಕ್ಷಕರಾಗಲು ಬಯಸುವವರು ಎಷ್ಟು ಜನ ಉಳಿದಾರು? 1974ರ ಹೊತ್ತಿಗೆ ಬ್ರಿಟಿಷ್ ಕೊಲಂಬಿಯಾದಂಥ ವಿಶಾಲ ಪ್ರಾಂತ್ಯದಲ್ಲಿ ಪ್ರಮಾಣಪತ್ರವಿದ್ದ ಮೂಲನಿವಾಸಿ ಶಿಕ್ಷಕರು ಕೇವಲ 26 ಮಂದಿ. ಆದ್ದರಿಂದ ತರಬೇತಿಯೇ ಮುಂದಿನ ಹೋರಾಟವಾಯಿತು. 1971ರಲ್ಲಿ ಮ್ಯಾನಿಟೋಬಾದ ಬ್ರಾಂಡನ್‌ನಲ್ಲಿ, 1972ರಲ್ಲಿ ಸಸ್ಕಟೂನ್‌ನಲ್ಲಿ, 1974ರಲ್ಲಿ ವ್ಯಾಂಕೂವರ್‌ನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, 1980ರಲ್ಲಿ ಮೆಟಿ ಜನರಿಗಾಗಿ ಗೇಬ್ರಿಯಲ್ ಡ್ಯೂಮಾಂಟ್ ಸಂಸ್ಥೆಯಲ್ಲಿ ಇಂಥ ಶಿಕ್ಷಕ ಶಿಕ್ಷಣ ಕಾರ್ಯಕ್ರಮಗಳು ಹುಟ್ಟಿದವು. ಬ್ಲೂ ಕ್ವಿಲ್ಸ್ ಕೂಡ ಅದೇ ದಶಕದಲ್ಲಿ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊತೆ ಸೇರಿ ಶಿಕ್ಷಕರನ್ನು ತಯಾರು ಮಾಡಲು ಆರಂಭಿಸಿತು. ಆ ಯೋಜನೆಗೆ ಅವರು ಇಟ್ಟ ಹೆಸರು 'ಮಾರ್ನಿಂಗ್ ಸ್ಟಾರ್'. ಮಾತೆ ಮರಿಯಮ್ಮನವರ ಸ್ತುತಿಮಾಲೆಯಲ್ಲಿ ಬರುವ 'ಉಷಃಕಾಲದ ನಕ್ಷತ್ರ'ವನ್ನು ಬಲ್ಲ ನಮಗೆ ಆ ಹೆಸರು ಕಿವಿಗೆ ಇಂಪು.

ನಮ್ಮಲ್ಲಿ ಡಿ.ಎಡ್., ಬಿ.ಎಡ್. ಮಾಡಿದವರು ಮನೆಮನೆಗೂ ಇದ್ದಾರೆ. ಅವರಿಗಾಗಿ ಈ ತರಬೇತಿ ಹೇಗೆ ನಡೆಯಿತೆಂದು ಸ್ವಲ್ಪ ವಿವರವಾಗಿ ಹೇಳೋಣ. ಅಲ್ಲಿಗೆ ಸೇರಿದವರಲ್ಲಿ ಅನೇಕರು ಶಾಲೆ ಮುಗಿಸಿ ನೇರವಾಗಿ ಬಂದ ಎಳೆಯರಲ್ಲ. ಮಕ್ಕಳೊಂದಿಗರಾದ ತಾಯಂದಿರು, ಊರಿನ ಶಾಲೆಯಲ್ಲಿ ಸಹಾಯಕಿಯಾಗಿ ದುಡಿಯುತ್ತಿದ್ದವರು. ಅವರನ್ನು ನೂರಾರು ಮೈಲಿ ದೂರದ ನಗರಕ್ಕೆ ನಾಲ್ಕು ವರ್ಷ ಬಾ ಎಂದರೆ ಮತ್ತದೇ ವಸತಿ ಶಾಲೆಯ ಕಥೆ. ಆದ್ದರಿಂದ ವ್ಯಾಂಕೂವರ್ ಕಾರ್ಯಕ್ರಮದವರು ಊರುಗಳ ಹತ್ತಿರ ಚಿಕ್ಕ ಕೇಂದ್ರಗಳನ್ನು ತೆರೆದರು. ಮೊದಲ ಎರಡು ವರ್ಷದ ಪಾಠ ಅಲ್ಲೇ, ನಂತರ ಮಾತ್ರ ವಿಶ್ವವಿದ್ಯಾಲಯಕ್ಕೆ. ಬ್ರಾಂಡನ್‌ನವರದು ಇನ್ನೊಂದು ಉಪಾಯ: ಶಾಲಾ ವರ್ಷದ ಬಹುಭಾಗ ತಮ್ಮ ಊರಿನ ತರಗತಿಯಲ್ಲೇ ಕೆಲಸ, ವಸಂತ ಮತ್ತು ಬೇಸಿಗೆಯ ತಿಂಗಳುಗಳಲ್ಲಿ ವಿಶ್ವವಿದ್ಯಾಲಯದಲ್ಲಿ ಓದು. ಶಿಶುವಿಹಾರದ ಮಗುವಿಗೆ ಬಣ್ಣದ ಕಾಗದ ಕತ್ತರಿಸಿಕೊಟ್ಟವಳೇ ಕೆಲವು ವರ್ಷಗಳಲ್ಲಿ ಅದೇ ಶಾಲೆಗೆ ಪದವೀಧರ ಶಿಕ್ಷಕಿಯಾಗಿ ಬಂದಳು.

ಪಠ್ಯದ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಇವರಿಗೆ ಸುಲಭದ ಪ್ರತ್ಯೇಕ ಪ್ರಮಾಣಪತ್ರ ಕೊಟ್ಟು ಕಳುಹಿಸಿದರೆ 'ಎರಡನೆಯ ದರ್ಜೆಯ ಶಿಕ್ಷಕರು' ಎಂಬ ಹಣೆಪಟ್ಟಿ ಅಂಟುತ್ತದೆ ಎಂದು ಮೂಲನಿವಾಸಿ ನಾಯಕರು ಮೊದಲೇ ಎಣಿಸಿದ್ದರು. ಆದ್ದರಿಂದ ಎಲ್ಲರಂತೆ ಪೂರ್ಣ ಶಿಕ್ಷಣ ಪದವಿಯೇ ಬೇಕೆಂದು ಪಟ್ಟು ಹಿಡಿದರು. ಅದು ಸರಿಯಾದ ತೀರ್ಮಾನ. ಜೊತೆಗೆ ತಮ್ಮ ಭಾಷೆ, ತಮ್ಮ ಚರಿತ್ರೆ, ಕಥೆ ಹೇಳುವ ಕ್ರಮ, ವೃತ್ತದಲ್ಲಿ ಕುಳಿತು ಒಬ್ಬೊಬ್ಬರಾಗಿ ಮಾತನಾಡುವ ರೀತಿ, ಕಾಡಿನಲ್ಲಿ ನದಿಯ ದಂಡೆಯಲ್ಲಿ ನಡೆಸುವ ಪಾಠ ಇವೂ ಸೇರಿದವು. ಇವನ್ನು ಕಲಿಸುವವರು ಯಾರು? ಪದವಿ ಪಡೆದ ಪ್ರಾಧ್ಯಾಪಕರಿಗೆ ಇವು ಗೊತ್ತಿಲ್ಲ. ಗೊತ್ತಿರುವವರು ಅಜ್ಜಅಜ್ಜಿಯರು, ಅವರಲ್ಲಿ ಪದವಿ ಇಲ್ಲ. ಕ್ರೀ ಜನ ಅಜ್ಜಿಯನ್ನು ಕೋಕುಮ್ ಎನ್ನುತ್ತಾರೆ. ವಿಶ್ವವಿದ್ಯಾಲಯದ ತರಗತಿಯಲ್ಲಿ ಕೋಕುಮ್ ಬಂದು ಕುಳಿತರು, ಪದವಿಗೆ ಓದುವವರು ಅವರ ಎದುರು ಕುಳಿತರು. ಅವಳ ಮಾತೂ ಪಾಠವೆಂದು ವಿಶ್ವವಿದ್ಯಾಲಯಗಳು ಒಪ್ಪಿಕೊಳ್ಳಲು ಸಮಯ ಹಿಡಿಯಿತು. ಮ್ಯಾನಿಟೋಬಾದ ಕ್ರೀ ಮಹಿಳೆ ವರ್ನಾ ಕರ್ಕ್‌ನೆಸ್ 1972ರ ದಾಖಲೆಯ ಕೆಲಸದಲ್ಲಿಯೂ, ಮುಂದೆ ವ್ಯಾಂಕೂವರ್ ಕಾರ್ಯಕ್ರಮದ ನಿರ್ದೇಶಕಿಯಾಗಿಯೂ ಇದಕ್ಕಾಗಿ ದುಡಿದರು. ಸ್ಟೋಲೋ ಜನಾಂಗದ ಜೋ-ಆನ್ ಆರ್ಚಿಬಾಲ್ಡ್ ಹಿರಿಯರ ಕಥೆಗಳನ್ನೇ ಶಿಕ್ಷಣದ ವಿಧಾನವಾಗಿ ಬೆಳೆಸಿ 2008ರಲ್ಲಿ ಪುಸ್ತಕ ಬರೆದರು. ಸಾಮತಿಗಳ ಮೂಲಕ ಬೋಧಿಸಿದ ಪ್ರಭುವಿನ ಶಿಷ್ಯರಾದ ನಮಗೆ ಇದು ಹೊಸ ಶಾಸ್ತ್ರವೆಂದು ಅನ್ನಿಸಬಾರದು.

ಸಸ್ಕಟೂನ್ ಕಾರ್ಯಕ್ರಮದ ಮೊದಲ ನಿರ್ದೇಶಕ ಸೆಸಿಲ್ ಕಿಂಗ್ ಅವರ ಬದುಕು ಈ ಚರಿತ್ರೆಯ ಎರಡೂ ಮುಖಗಳನ್ನು ತೋರಿಸುತ್ತದೆ. 1932ರಲ್ಲಿ ಒಂಟಾರಿಯೋದ ವಿಕ್ವೆಮಿಕಾಂಗ್‌ನಲ್ಲಿ ಒಡಾವಾ ಕುಟುಂಬದಲ್ಲಿ ಹುಟ್ಟಿದವರು. ಸ್ಪ್ಯಾನಿಷ್ ಎಂಬ ಊರಿನಲ್ಲಿ ಯೇಸುಸಭೆಯವರು ನಡೆಸುತ್ತಿದ್ದ ವಸತಿ ಶಾಲೆಯಲ್ಲಿ ಪ್ರೌಢಶಿಕ್ಷಣ ಮುಗಿಸಿದರು, ಶಿಕ್ಷಕರಾದರು, ಮುಂದೆ ತಮ್ಮವರನ್ನು ಶಿಕ್ಷಕರನ್ನಾಗಿಸುವ ಕೆಲಸಕ್ಕೆ ತಮ್ಮನ್ನು ಕೊಟ್ಟುಕೊಂಡರು. 1991ರಲ್ಲಿ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿಯೂ ಅಂಥದೇ ಕಾರ್ಯಕ್ರಮ ಕಟ್ಟಿದರು, ಒಜಿಬ್ವೆ ಭಾಷೆಯ ಬೋಧನೆಗೆ ದುಡಿದರು. 2022ರಲ್ಲಿ ತೀರಿಕೊಂಡರು. ನಮ್ಮ ಶಾಲೆಯಲ್ಲಿ ಓದಿಯೇ ಅವರು ಹಾಗಾದರು ಎಂದು ನಾವು ಬೆನ್ನು ತಟ್ಟಿಕೊಳ್ಳಬಹುದೇ? ಹಾಗೆ ಹೇಳುವವರು ಇದ್ದಾರೆ. ನಮಗೆ ಅದು ಸರಿಕಾಣುವುದಿಲ್ಲ. ಬೆಂಕಿಯಿಂದ ಪಾರಾಗಿ ಬಂದವನು ಬೇರೆಯವರಿಗೆ ದಾರಿ ತೋರಿದರೆ ಹೊಗಳಿಕೆ ಅವನಿಗೆ ಸಲ್ಲಬೇಕು.

ಎಲ್ಲವೂ ಸುಗಮವಾಯಿತೆಂದು ತಿಳಿಯಬಾರದು. ಮೂಲನಿವಾಸಿಗಳ ಶಾಲೆಗಳಿಗೆ ಕೇಂದ್ರ ಸರ್ಕಾರ ಕೊಟ್ಟ ಹಣ ಪ್ರಾಂತ್ಯದ ಶಾಲೆಗಳಿಗಿಂತ ವರ್ಷಗಟ್ಟಲೆ ಕಡಿಮೆಯಿತ್ತು, ತಯಾರಾದ ಶಿಕ್ಷಕರನ್ನು ಉಳಿಸಿಕೊಳ್ಳುವುದು ಕಷ್ಟವಾಯಿತು. ಸಸ್ಕಾಚವಾನ್ ಉತ್ತರದ ಲಾ ರೋಂಜ್‌ನಲ್ಲಿ 1970ರ ದಶಕದಿಂದ ನಡೆದಿದ್ದ ಒಳ್ಳೆಯ ಕಾರ್ಯಕ್ರಮವೊಂದಕ್ಕೆ ಪ್ರಾಂತ್ಯ ಸರ್ಕಾರ ನೆರವು ನಿಲ್ಲಿಸಿದ್ದರಿಂದ ಆ ಸಂಸ್ಥೆ 2017ರಲ್ಲಿ ಮುಚ್ಚಿತು, ವಿದ್ಯಾರ್ಥಿಗಳು ಬೇರೆ ಕಾಲೇಜಿಗೆ ಹೋದರು.

ಇತ್ತ ಧರ್ಮಸಭೆಯ ಕಡೆ ನೋಡೋಣ. ಎಡ್ಮಂಟನ್ ನಗರದ ಪಶ್ಚಿಮಕ್ಕೆ ಸಂತ ಅನ್ನಮ್ಮನವರ ಸರೋವರವಿದೆ. ಮೂಲನಿವಾಸಿಗಳಿಗೆ ಅದು ಮೊದಲಿನಿಂದಲೂ ಪವಿತ್ರವಾದ ನೀರು. 1844ರಲ್ಲಿ ಫಾದರ್ ತಿಬೋ ಅಲ್ಲಿ ಮಿಷನ್ ಕಟ್ಟಿ ಸರೋವರಕ್ಕೆ ಅನ್ನಮ್ಮನವರ ಹೆಸರಿಟ್ಟರು. 1889ರಿಂದ ಪ್ರತಿ ಜುಲೈ ತಿಂಗಳಲ್ಲಿ ಯಾತ್ರೆ ನಡೆಯುತ್ತದೆ. ಸಾವಿರಾರು ಮೂಲನಿವಾಸಿ ಕುಟುಂಬಗಳು ಗುಡಾರ ಹಾಕಿ ತಂಗುತ್ತವೆ, ನೀರಿಗಿಳಿದು ಪ್ರಾರ್ಥಿಸುತ್ತವೆ. ಅಜ್ಜಿಯನ್ನು ಗೌರವಿಸುವ ಜನರಿಗೆ ಪ್ರಭು ಯೇಸುವಿನ ಅಜ್ಜಿ ಹತ್ತಿರವಾದದ್ದು ಸಹಜವೇ. 1991ರ ಜುಲೈನಲ್ಲಿ ಆ ಯಾತ್ರೆಯ ಸಂದರ್ಭದಲ್ಲಿ ಕೆನಡಾದ ಒಬ್ಲೇಟರ ಪರವಾಗಿ ಫಾದರ್ ಡಗ್ ಕ್ರಾಸ್ಬಿ ವಸತಿ ಶಾಲೆಗಳಲ್ಲಿ ತಮ್ಮ ಸಭೆ ವಹಿಸಿದ ಪಾತ್ರಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ನಂತರ 2008ರಲ್ಲಿ ಆರಂಭವಾದ ಸತ್ಯ ಮತ್ತು ಸಂಧಾನ ಆಯೋಗ ನ್ಯಾಯಮೂರ್ತಿ ಮರ್ರಿ ಸಿಂಕ್ಲೇರ್ ಅವರ ನೇತೃತ್ವದಲ್ಲಿ 6,500ಕ್ಕೂ ಹೆಚ್ಚು ಜನರ ಮಾತು ಕೇಳಿ, 2015ರಲ್ಲಿ 94 ಕರೆಗಳನ್ನು ನೀಡಿತು. 58ನೆಯದು ಪೋಪರು ಕೆನಡಾಕ್ಕೆ ಬಂದು ಕ್ಷಮೆ ಕೇಳಬೇಕೆಂಬುದು. 60ನೆಯದು ಗುರುಮಠಗಳಲ್ಲಿ ಈ ಚರಿತ್ರೆಯನ್ನು ಕಲಿಸಬೇಕೆಂಬುದು, 62ನೆಯದು ಶಿಕ್ಷಕರ ತರಬೇತಿಗೆ ಸಂಬಂಧಿಸಿದ್ದು. ಗುರುಮಠದಲ್ಲಿ ಬೆಳೆದ ನಮ್ಮಂಥವರು 60ನೆಯದನ್ನು ಕೊಂಚ ನಿಧಾನವಾಗಿಯೇ ಓದುತ್ತೇವೆ. ನಾವು ಓದಿದ ಧರ್ಮಸಭೆಯ ಚರಿತ್ರೆಯ ಪುಸ್ತಕಗಳಲ್ಲಿ ಮಿಷನರಿಗಳ ಶಬ್ದಕೋಶಗಳಿದ್ದವು, ಈ ಶಾಲೆಗಳಿರಲಿಲ್ಲ.

ಪೋಪ್ ಫ್ರಾನ್ಸಿಸ್ 2022ರ ಜುಲೈನಲ್ಲಿ ಕೆನಡಾಕ್ಕೆ ಹೋದರು. ಆಗ ಅವರಿಗೆ 85 ವರ್ಷ, ಗಾಲಿಕುರ್ಚಿಯಲ್ಲಿದ್ದರು. ತಮ್ಮ ಈ ಪಯಣವನ್ನು ಅವರು ಪ್ರಾಯಶ್ಚಿತ್ತದ ಯಾತ್ರೆ ಎಂದರು. 25ರಂದು ಮಾಸ್ಕ್‌ವಾಚಿಸ್‌ನಲ್ಲಿ, ಹಿಂದೆ ದೊಡ್ಡ ವಸತಿ ಶಾಲೆಯಿದ್ದ ನೆಲದಲ್ಲಿ, ಕ್ರೈಸ್ತರು ಮಾಡಿದ ಕೇಡಿಗಾಗಿ ಕ್ಷಮೆ ಬೇಡಿದರು. ಮರುದಿನ ಅನ್ನಮ್ಮನವರ ಹಬ್ಬ. ಬೆಳಿಗ್ಗೆ ಎಡ್ಮಂಟನ್‌ನ ಕ್ರೀಡಾಂಗಣದಲ್ಲಿ ಬಲಿಪೂಜೆ, ಪ್ರಬೋಧನೆಯ ವಿಷಯ ಅಜ್ಜಅಜ್ಜಿಯರಿಂದ ನಾವು ಪಡೆದ ಚರಿತ್ರೆ. ಸಂಜೆ ಆ ಸರೋವರದ ದಂಡೆಯಲ್ಲಿ ಪ್ರಾರ್ಥನೆ. ಕೆಲವರು ಅತ್ತರು, ಕೆಲವರು ಇದು ಸಾಲದು ಎಂದರು. ಇಬ್ಬರಿಗೂ ಕಾರಣಗಳಿದ್ದವು.

ನಮ್ಮ ಧರ್ಮಕೇಂದ್ರಗಳಿಂದ ಬಿ.ಎಡ್. ಮುಗಿಸಿ ಕೆನಡಾಕ್ಕೆ ಹೊರಡುವ ಮಕ್ಕಳು ಒಂದು ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ಆಲ್ಬರ್ಟಾದಲ್ಲಿ 2019ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಶಿಕ್ಷಕರ ಗುಣಮಟ್ಟದ ನಿಯಮದಂತೆ, ಪ್ರಥಮ ರಾಷ್ಟ್ರಗಳ, ಮೆಟಿ ಮತ್ತು ಇನುಯಿಟ್ ಜನರ ಬಗೆಗಿನ ತಳಹದಿಯ ಜ್ಞಾನ ಪ್ರತಿಯೊಬ್ಬ ಶಿಕ್ಷಕರಿಗೂ ಅಗತ್ಯ. ಕಥೋಲಿಕ ಶಾಲೆಯ ಶಿಕ್ಷಕರಿಗೂ ವಿನಾಯಿತಿಯಿಲ್ಲ. ಅಲ್ಲಿ ನಮ್ಮವರ ತರಗತಿಯಲ್ಲಿ ಕ್ರೀ ಮಗು ಕುಳಿತಿರಬಹುದು, ಆ ಮಗುವಿನ ಅಜ್ಜಿ ಬ್ಲೂ ಕ್ವಿಲ್ಸ್‌ನಲ್ಲಿ ಓದಿದವಳಿರಬಹುದು. ಹೋಗುವ ಮೊದಲು ಮನೆಯಲ್ಲಿ ಈ ಚರಿತ್ರೆಯನ್ನು ಒಮ್ಮೆ ಓದಿ ಹೇಳಿದರೆ ಅವರಿಗೆ ಉಪಕಾರವಾದೀತು.

ಬ್ಲೂ ಕ್ವಿಲ್ಸ್‌ನ ಸುದ್ದಿಯೊಂದು ಉಳಿದಿದೆ. ಏಳು ಪ್ರಥಮ ರಾಷ್ಟ್ರಗಳು ಸೇರಿ ನಡೆಸುವ ಆ ಸಂಸ್ಥೆ 2015ರಲ್ಲಿ ವಿಶ್ವವಿದ್ಯಾಲಯವಾಯಿತು. ಅದರ ಪೂರ್ಣ ಹೆಸರಿನಲ್ಲಿ ಡೆನೆ ಭಾಷೆಯ ಮಾತುಗಳೂ ಇವೆ, ಕ್ರೀ ಭಾಷೆಯ ಮಾತೂ ಇದೆ. ಹೊರಗಿನವರ ನಾಲಿಗೆಗೆ ಅದು ಒಂದೇ ಸಲಕ್ಕೆ ಹೊರಳುವುದಿಲ್ಲ. ತರಗತಿಗಳು ನಡೆಯುವುದು 1931ರ ಅದೇ ಕಟ್ಟಡದಲ್ಲಿ. ಅಲ್ಲಿ ಕಲಿಸುವ ವಿಷಯಗಳಲ್ಲಿ ಕ್ರೀ ಭಾಷೆಯೂ ಒಂದು.